ಮಣ್ಣಾಗದ ತಟ್ಟೆ

"ಬೇಗ ಅಗಿಯೇ, ಹಲ್ಕಾ! ಹನ್ನೊಂದಕ್ಕೆ ಸಿಡ್ನಿಯಿಂದ ಗೆಸ್ಟ್ ಬರ್ತಾರೆ. ಗುಂಡೀಲಿ ಒಂದು ಚೂರೂ ಕಾಣಬಾರದು!"

ಧಣಿ ಗೋಪೀನಾಥ ಗದರಿದ. ನೀಲಕ್ಕ ಸನಿಕೆ ಹಾಕಿದಳು. ಮೆಲ್ಬರ್ನಿನ ಬಾಕ್ಸ್ ಹಿಲ್ ಆಚೆಯ ಈ ಶೆಡ್ಡಿನಲ್ಲಿ ಅವನು ಗೋವಿನಜೋಳದ ಪಿಷ್ಟದಿಂದ ಪ್ಲಾಸ್ಟಿಕ್ ತಟ್ಟೆ ಮಾಡಿಸುತ್ತಿದ್ದ. ಹೂತರೆ ಮೂರೇ ತಿಂಗಳಿಗೆ ಮಣ್ಣಾಗುತ್ತದಂತೆ! ಅದನ್ನು ಜಗತ್ತಿಗೆ ತೋರಿಸಲು ಹಿತ್ತಲಲ್ಲಿ ನೂರು ತಟ್ಟೆ ಹೂಳಿಸಿ, 'ಮಾರ್ಚ್ 2008' ಎಂದು ಬೋರ್ಡು ನೆಟ್ಟಿದ್ದ. ಕಾವು ಕೊಟ್ಟು ಕೊಳೆಸುವ ದೊಡ್ಡ ಗೊಬ್ಬರದ ಘಟಕಕ್ಕೆ ಕಳಿಸಿದ್ದರೆ ಮಣ್ಣಾಗುತ್ತಿದ್ದವೇನೋ. ಅದಕ್ಕೆ ಖರ್ಚು, ಗುಂಡಿ ತೋಡಲು ನೀಲಕ್ಕ ಇದ್ದಾಳಲ್ಲ. ಈಗ ಅಕ್ಟೋಬರ್, ತಟ್ಟೆಗಳು ಮಿರಮಿರ ಮಿಂಚುತ್ತಿದ್ದವು.

"ಸಾಹೇಬ್ರ, ಇಲ್ಲೇ ಕಾಯಂ ಇರಾಕ ನನ್ನ ಪಿಆರ್ ಕಾಗದಕ್ಕ ಸಹಿ…"

"ಹಾಕ್ತೀನಿ ಕಣೇ. ಧಾರವಾಡದಲ್ಲಿ ಎಂಜಲೆಲೆ ಎತ್ತುತ್ತಿದ್ದವಳನ್ನ ಸ್ಪಾನ್ಸರ್ ಮಾಡಿ ಮೆಲ್ಬರ್ನ್‌ಗೆ ತಂದಿದೀನಿ. ಇನ್ನೂ ಅವಸರವಾ?"

ಅವಳ ಚಹಾದ ಲೋಟ ಇಲ್ಲೂ ಹೊರಗಿನ ನಲ್ಲಿಯ ಬಳಿಯೇ ಇರುತ್ತಿತ್ತು. ಮರೆತು ಒಳಗಿಟ್ಟ ದಿನ ಅವನು ಅದನ್ನು ಕಾಲಿನಿಂದ ಹೊರಗೆ ತಳ್ಳಿದ್ದ. ಊರವರೆಲ್ಲ ಉಣ್ಣುವ ತಟ್ಟೆ ಅವಳ ಕೈಯಲ್ಲಿ ತಯಾರಾಗಬಹುದು, ಅವಳ ಲೋಟ ಮಾತ್ರ ಮೈಲಿಗೆ.

ತೊಂಬತ್ತೊಂಬತ್ತು ತಟ್ಟೆ ಮೂಟೆಗೆ ಹೋದವು. ಒಂದನ್ನು ನೀಲಕ್ಕ ಸೆರಗಿನಡಿ ಇಟ್ಟುಕೊಂಡಳು.

ಹಣ ಹೂಡಲು ಬಂದಾಕೆ ಸಿಡ್ನಿಯ ಮ್ಯಾಕ್ವೆರಿ ಪಾರ್ಕ್ ಬಡಾವಣೆಯ ಮಹಾಶ್ವೇತಾ, ಕನ್ನಡದವಳೇ. ಗೋಪೀನಾಥ ಗುಂಡಿಯ ಮಣ್ಣನ್ನು ಬೊಗಸೆಯಲ್ಲಿ ಎತ್ತಿ ಹಣೆಗೊತ್ತಿಕೊಂಡ.

"ನೋಡಿ ಮೇಡಂ, ಭೂತಾಯಿ ಕೊಟ್ಟಿದ್ದನ್ನ ಭೂತಾಯಿಗೇ ರಿಟರ್ನ್ ಮಾಡಿದೀವಿ!"

ಆಕೆ ಫೋಟೋ ತೆಗೆದಳು. ಎಲ್ಲರೂ ಊಟಕ್ಕೆ ಕೂತರು.

ನೀಲಕ್ಕ ಅತಿಥಿಗೆ ಹೊಸ ತಟ್ಟೆ ಇಟ್ಟಳು. ಗೋಪೀನಾಥನ ಮುಂದೆ ಸೆರಗಿನಡಿಯ ತಟ್ಟೆ ಇಟ್ಟು ಮೊಸರನ್ನ ಬಡಿಸಿದಳು. ಅಂಚಿನ ಗೀರುಗಳಲ್ಲಿ ಮಣ್ಣು ಕೂತಿತ್ತು. ಅಚ್ಚಾದ ತಯಾರಿಕೆಯ ತಾರೀಖು ಸ್ಪಷ್ಟವಾಗಿ ಕಾಣುತ್ತಿತ್ತು.

"ಮಾರ್ಚ್? ಇದು ಎಲ್ಲಿತ್ತಮ್ಮಾ?" ಎಂದಳು ಮಹಾಶ್ವೇತಾ.

"ಆ ಗುಂಡ್ಯಾಗ ಇತ್ರಿ ಅಕ್ಕಾರ. ಮುಂಜಾನೆ ನಾನ ಅಗದು ತಗದೀನಿ. ಉಳದ್ವು ಅಕಾ, ಆ ಮೂಟ್ಯಾಗ ಅದಾವ."

ಗೋಪೀನಾಥ ಹಲ್ಲು ಕಡಿದ. "ಬೋಳಿಮುಂಡೆ, ಪಿಆರ್ ಮರೆತುಬಿಡು!"

ನೀಲಕ್ಕ ಹೊರಗೆ ಹೋಗಿ, ನಲ್ಲಿಯ ಬಳಿಯ ತನ್ನ ಲೋಟದಲ್ಲಿ ನೀರು ತುಂಬಿ ತಂದು, ಅವನ ತಟ್ಟೆಯ ಪಕ್ಕಕ್ಕೆ ಕುಕ್ಕಿದಳು.

"ಮರ್ತೆ ತಗೋ. ಈಗ ಉಣ್ಣಲೇ, ಭಾಡ್ಯಾ."