ಕೋಣೆಯ ಸದ್ದು

ತಮ್ಮನ ಎದುರು ಮೈಕ್ ನಿಲ್ಲಿಸಿದ ಮೇಲೆ ಅಕ್ಕ ಮೊದಲು ಫ್ಯಾನ್ ಆರಿಸಿದಳು. ಸುದ್ದಿವಾಹಿನಿಯಲ್ಲಿ ಧ್ವನಿ ಜೋಡಿಸುವ ಕೆಲಸ ಅವಳದು. ಫ್ಯಾನ್ ತಿರುಗುವ ಕೋಣೆಯಲ್ಲಿ ಮಾತು ಹಿಡಿಯಬಾರದೆಂದು ಹೊಸಬರಿಗೆ ಪಾಠ ಹೇಳುವವಳೂ ಅವಳೇ. ಆದರೆ ಮುಖ ಕಾಣದಿರಲೆಂದು ಕಿಟಕಿಗಳಿಗೆ ಕಂಬಳಿ ಹೊದಿಸಿದ್ದರು. ನಾಲ್ಕು ಮಾತಾಡುವಷ್ಟರಲ್ಲಿ ತಮ್ಮನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

“ಫ್ಯಾನ್ ಹಾಕಕ್ಕಾ. ಉಸಿರು ಕಟ್ಟಿದ ಹಾಗಾಗ್ತಿದೆ.”

ಹಾಕಿದಳು. ಹಳೆಯ ಫ್ಯಾನ್ ಅದು. ಪ್ರತಿ ಸುತ್ತಿಗೂ ಒಂದು ಟಕ್, ಅದರ ಬೆನ್ನಿಗೇ ಕಾಲೆಳೆದ ಹಾಗೆ ಒಂದು ಸರ್ರ್. ರಿಪೇರಿ ಮಾಡಿಸುತ್ತೇನೆಂದು ತಮ್ಮ ಹೇಳುತ್ತಲೇ ಬಂದಿದ್ದ. ಊರವರ ಮಾತೆಲ್ಲ ಕೇಳಿಸುವ ಕಿವಿಗೆ ನೆತ್ತಿಯ ಮೇಲಿನದು ಕೇಳಿಸುವುದಿಲ್ಲವಲ್ಲ ಎಂದು ಅಮ್ಮ ಹಂಗಿಸುತ್ತಿದ್ದಳು.

ಅಮ್ಮನ ಮಾತಿನಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ಕೇಳುವುದೇ ತಮ್ಮನ ನೌಕರಿ. ಸರ್ಕಾರಿ ಕಚೇರಿಯ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತು, ಪರರ ಫೋನ್ ಮಾತನ್ನು ಟೈಪ್ ಮಾಡಿ ಮೇಲಕ್ಕೆ ಕಳಿಸುವುದು. ಕಳ್ಳರನ್ನೂ ಬಾಂಬ್ ಇಡುವವರನ್ನೂ ಹಿಡಿಯಲಿಕ್ಕೆ ಎಂದು ನಂಬಿಸಿ ಸೇರಿಸಿಕೊಂಡಿದ್ದರು. ಅವನ ಕಿವಿಗೆ ಬಿದ್ದವರು ನರ್ಸುಗಳ ಸಂಘದ ಕಾರ್ಯದರ್ಶಿ, ಪ್ರಶ್ನೆ ಕೇಳುವ ಮೇಷ್ಟ್ರು, ಒಬ್ಬ ನ್ಯಾಯಾಧೀಶರು. ಕೊನೆಗೆ, ಪೊಲೀಸ್ ಠಾಣೆಯಲ್ಲಿ ಮಗನನ್ನು ಕಳೆದುಕೊಂಡ ಒಬ್ಬ ಬಟ್ಟೆ ಹೊಲಿಯುವ ಹೆಂಗಸು. ಹುಡುಗನನ್ನು ಹೊಡೆದದ್ದನ್ನು ಕಣ್ಣಾರೆ ಕಂಡವನು ಸಾಕ್ಷಿ ಹೇಳಲು ಒಪ್ಪಿದ್ದಾನೆಂದು ಆಕೆ ತಂಗಿಗೆ ಫೋನಿನಲ್ಲಿ ಹೇಳಿ ಬಿಕ್ಕಿದಳು. ತಮ್ಮ ಅದನ್ನೂ ಟೈಪ್ ಮಾಡಿ ಕಳಿಸಿದ. ಮರುದಿನದಿಂದ ಆ ಸಾಕ್ಷಿ ಯಾರ ಕಣ್ಣಿಗೂ ಬೀಳಲಿಲ್ಲ.

“ಅವಳ ಅಳುನ ಹೇಗೆ ಟೈಪ್ ಮಾಡೋದು ಗೊತ್ತಾಗಲಿಲ್ಲ ಅಕ್ಕಾ,” ಎಂದ ತಮ್ಮ. “‘ಮಾತಿಲ್ಲ’ ಅಂತ ಹಾಕಿದೆ.”

ಸಾಕ್ಷಿ ಕಾಣೆಯಾದ ಮೇಲೆ ಅವನು ಅಕ್ಕನ ಮುಂದೆ ಬಂದು ಕೂತಿದ್ದ. ಜಗತ್ತಿಗೆ ಹೇಳಿಬಿಡುತ್ತೇನೆ ಎಂದ. ಹೇಳಿಸುವ ಜಾಗ ಅಕ್ಕನಿಗೆ ಗೊತ್ತಿತ್ತು. ವಾಹಿನಿಯ ಸುದ್ದಿ ಸಂಪಾದಕ, ಪರದೆಯ ಕೆಳಗೆ ಸದಾ ಕೆಂಪು ಪಟ್ಟಿ ಓಡುತ್ತಿರಬೇಕೆನ್ನುವ ಹುಚ್ಚಿಗೆ ಕೆಲಸಗಾರರಿಂದ ಕೆಂಪುಪಟ್ಟಿ ಎಂದೇ ಹೆಸರು ಪಡೆದವನು, ಇಂಥದ್ದಕ್ಕೆ ಬಾಯಿ ಬಿಟ್ಟುಕೊಂಡು ಕಾದಿದ್ದ. ಪರಿಚಯದವರೊಬ್ಬರು ಮಾತಾಡುತ್ತಾರೆ ಎಂದಷ್ಟೇ ಅವನಿಗೆ ತಿಳಿಸಿದ್ದಳು. ಸ್ಟುಡಿಯೋ ಬಾಗಿಲಲ್ಲಿ ಕ್ಯಾಮೆರಾ, ಹೋಟೆಲಿನಲ್ಲಿ ಗುರುತಿನ ಚೀಟಿ. ಹಾಗಾಗಿ ಸ್ವಂತ ಮನೆಯೇ ಸುರಕ್ಷಿತವೆಂದು ಇಬ್ಬರೂ ಲೆಕ್ಕ ಹಾಕಿದ್ದರು. ಅಮ್ಮ ಕಣ್ಣಿನ ಆಸ್ಪತ್ರೆಗೆ ಹೋಗಿದ್ದ ಹೊತ್ತು ನೋಡಿ ಅಕ್ಕನೇ ಪ್ರಶ್ನೆ ಕೇಳಿದಳು, ತಮ್ಮ ಉತ್ತರ ಕೊಟ್ಟ. ನಡುವೆ ಒಂದು ಮಾತು ಹೇಳಿದ.

“ನಮ್ಮ ಆಫೀಸಲ್ಲಿ ನಾವು ಕದ್ದು ಕೇಳೋರ ಮುಖ ಯಾರಿಗೂ ಗೊತ್ತಿಲ್ಲ. ಒಬ್ಬರ ಮನೇಲಿ ಗಿಳಿ ಕಿರುಚುತ್ತೆ, ಇನ್ನೊಬ್ಬರ ಮನೇಲಿ ನಲ್ಲಿ ಸೋರುತ್ತೆ. ಹೆಸರು ಮರೆತರೂ ಮನೆ ಮರೆಯಲ್ಲ. ನಮ್ಮನ್ನೂ ಬಿಡಲ್ಲ ಅವರು. ನನ್ನ ಮನೆ ಫೋನನ್ನ ಪಕ್ಕದ ಕುರ್ಚಿಯವನೇ ಕೇಳ್ತಿರ್ತಾನೆ.”

ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿರು ಎಂದಳು. ಇದು ಅವಳ ವೃತ್ತಿಯ ರೂಢಿ. ಮಾತು ಕತ್ತರಿಸಿ ಜೋಡಿಸಿದ ಕಡೆ ಹೊಂಡ ಬೀಳದಂತೆ ಕೆಳಗೆ ಹಾಸಲು ಆ ಕೋಣೆಯ ಬರಿಯ ಸದ್ದನ್ನೇ ಒಂದಿಷ್ಟು ಹಿಡಿದಿಟ್ಟುಕೊಳ್ಳಬೇಕು. ತಮ್ಮ ನಕ್ಕ.

“ನಮ್ಮಲ್ಲಿ ಮಾತಿಲ್ಲದ್ದೆಲ್ಲ ಕಸ. ನಿಮ್ಮಲ್ಲಿ ಅದಕ್ಕೂ ಮರ್ಯಾದೆನಾ?”

ಕೂತ. ಫ್ಯಾನ್ ತಿರುಗಿತು. ಅವನು ಒಮ್ಮೆ ಗಂಟಲು ಸರಿಮಾಡಿಕೊಂಡ.

ಧ್ವನಿ ಬದಲಿಸುವುದಕ್ಕೆ ಅಕ್ಕ ತನ್ನ ವಿದ್ಯೆಯನ್ನೆಲ್ಲ ಧಾರೆ ಎರೆದಳು. ಹೆತ್ತವಳಿಗೂ ಗುರುತು ಹತ್ತಬಾರದು ಎನ್ನುವುದು ಅವಳ ಹಟ. ಮಾತನ್ನು ಫ್ಯಾನಿನಿಂದ ಬಿಡಿಸಿ, ತೊಳೆದು, ಆಳಕ್ಕಿಳಿಸಿ, ಅದರಡಿ ಕೋಣೆಯ ಸದ್ದನ್ನು ಅಚ್ಚುಕಟ್ಟಾಗಿ ಹಾಸಿದಳು. ಕತ್ತರಿಸಿದ ಗೆರೆ ಎಲ್ಲಿಯೂ ಕೇಳಿಸಲಿಲ್ಲ. ಕೆಂಪುಪಟ್ಟಿ ಕೇಳಿ ತಲೆದೂಗಿದ, ಆದರೆ ಉದ್ದವಾಯಿತು ಎಂದ.

“ಗಿಳಿ, ನಲ್ಲಿ ಇವೆಲ್ಲ ಯಾಕಮ್ಮ? ಅಡುಗೆ ಕಾರ್ಯಕ್ರಮದವರಿಗೆ ಕೊಡು. ನನಗೆ ನ್ಯಾಯಾಧೀಶರು ಸಾಕು.”

ಅಕ್ಕ ತನ್ನ ಕೈಯಾರೆ ಆ ಮಾತನ್ನು ತೆಗೆದಳು. ಮೂಲ ಧ್ವನಿಯನ್ನು, ಮಾತಾಡಿದವರ ರಕ್ಷಣೆಗೆಂದು ಇದ್ದ ನಿಯಮದಂತೆ, ಅಳಿಸಿ ಹಾಕಿದಳು.

ಸಂಜೆ ಪ್ರಸಾರವಾದಾಗ ಮೂವರೂ ಟಿವಿಯ ಮುಂದಿದ್ದರು. ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು, ಮುಖದ ಬದಲು ಪರದೆಯ ಮೇಲಿಟ್ಟಿದ್ದ ಕಪ್ಪು ನೆರಳು ಅವಳಿಗೆ ಕಾಣಲೂ ಇಲ್ಲ. ಯಾರೋ ಬಾವಿಯೊಳಗಿಂದ ಮಾತಾಡುತ್ತಿದ್ದಾನೆ, ಪಾಪ, ಶೀತವಾಗಿರಬೇಕು ಎಂದಳು. ತಮ್ಮ ಅಕ್ಕನತ್ತ ನೋಡಿ ಹುಬ್ಬು ಹಾರಿಸಿದ. ಗೆದ್ದೆವು ಎಂದುಕೊಂಡರು ಇಬ್ಬರೂ.

“ಅಲ್ಲ ಕಣೇ,” ಎಂದಳು ಅಮ್ಮ, ಸ್ವಲ್ಪ ಹೊತ್ತು ಬಿಟ್ಟು. “ನಮ್ಮ ಫ್ಯಾನ್ ಯಾಕೆ ಅವರ ಮನೇಲಿ ತಿರುಗ್ತಿದೆ?”

ತಮ್ಮ ಎದ್ದು ಹೋಗಿ ತಲೆಯ ಮೇಲಿನ ಫ್ಯಾನ್ ಆರಿಸಿದ. ಟಿವಿಯೊಳಗಿನದು ತಿರುಗುತ್ತಲೇ ಇತ್ತು. ಟಕ್, ಸರ್ರ್. ಟಕ್, ಸರ್ರ್. ಬಾವಿಯೊಳಗಿನ ದನಿಯ ಕೆಳಗೆ ಅವರ ಮನೆ ಬೆಳಕಿನಲ್ಲಿ ನಿಂತಂತೆ ನಿಂತಿತ್ತು.

ಓಡಿಹೋಗು ಎಂದಳು ಅಕ್ಕ. ಎಲ್ಲಿಗೆ ಹೋದರೂ ಅಲ್ಲೊಂದು ಫೋನಿರುತ್ತೆ ಎಂದ ತಮ್ಮ.

ಬೆಳಿಗ್ಗೆ ಬಂದರು. ಮುಂದಿದ್ದ ಅಧಿಕಾರಿ ಒಳಗೆ ಕಾಲಿಟ್ಟವನು ಯಾರ ಮುಖವನ್ನೂ ನೋಡದೆ ಕತ್ತೆತ್ತಿ ಚಾವಣಿ ನೋಡಿದ. ಸ್ವಿಚ್ ಅದುಮಿದ. ಹಿಂದೆ ನಿಂತಿದ್ದ ತೆಳ್ಳನೆಯ ಮನುಷ್ಯನನ್ನು ಕೇಳಿದ. “ಇದೇನಾ?”

ಆ ಮನುಷ್ಯ ನೆಲ ನೋಡುತ್ತ, “ಇದೇ ಸರ್,” ಎಂದ. ಪಕ್ಕದ ಕುರ್ಚಿಯವನು. ಮನೆಯ ಸದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದವನು ಮನೆಯೊಳಗೆ ಬಂದದ್ದು ಅದೇ ಮೊದಲು. ಅಮ್ಮ ಏನೂ ಅರಿಯದೆ ಕೂತ್ಕೊಳ್ಳಪ್ಪ ಎಂದಳು. ಅವನು ಕೂರಲಿಲ್ಲ.

ತಮ್ಮನನ್ನು ಕರೆದುಕೊಂಡು ಹೋದರು. ಸಾಕ್ಷ್ಯವೆಂದು ಫ್ಯಾನನ್ನೂ ಬಿಚ್ಚಿಕೊಂಡು ಹೋದರು. ಚಾವಣಿಯಲ್ಲಿ ಕೊಂಡಿ ಉಳಿಯಿತು.

ಆಮೇಲೆ ಶುರುವಾಯಿತು ಸುದ್ದಿಯವರ ಸುಗ್ಗಿ. ಸರ್ಕಾರ ಯಾರ ಮಾತನ್ನು ಕದ್ದು ಕೇಳಿತು ಎಂಬ ಪ್ರಶ್ನೆ ಮಧ್ಯಾಹ್ನದೊಳಗೇ ಸತ್ತಿತು. ಇವನು ಯಾರು ಎಂಬ ಪ್ರಶ್ನೆಗೆ ಜೀವ ಬಂತು. ಕಾಲೇಜಿನಲ್ಲಿ ಫೇಲಾಗಿದ್ದನಂತೆ. ಮದುವೆ ಮುರಿದಿತ್ತಂತೆ. ಹೆಂಗಸರ ಮಾತು ಕೇಳಿ ಕೇಳಿ ತಲೆ ಕೆಟ್ಟಿತ್ತಂತೆ. ಒಂದು ವಾಹಿನಿ ಅವನ ಕಿವಿಗಳನ್ನು ದೊಡ್ಡದು ಮಾಡಿ ತೋರಿಸಿತು. ಪರದೆಯ ತುಂಬ ಚೌಕಗಳು, ಒಂದೊಂದು ಚೌಕದಲ್ಲೊಬ್ಬ ಅರಚುವವನು. ಯಾರ ಏಜೆಂಟ್, ಎಷ್ಟಕ್ಕೆ ಮಾರಿಕೊಂಡ, ಹೇಳಿ, ಹೇಳಿ. ಮಗನನ್ನು ಕಳೆದುಕೊಂಡ ಆ ಹೆಂಗಸಿನ ಬಾಗಿಲಿಗೆ ಒಂದು ಮೈಕೂ ಹೋಗಲಿಲ್ಲ. ಕದ್ದು ಕೇಳಿದವರನ್ನು ಕೇಳುವವರಿರಲಿಲ್ಲ. ಅಧಿಕಾರಕ್ಕೆ ಕಾವಲು ನಾಯಿ ನಾವು ಎಂದು ಎದೆ ತಟ್ಟಿಕೊಂಡವರು, ಆ ಅಧಿಕಾರವೇ ಬೆರಳು ತೋರಿಸಿದ ಮನೆಯ ಮುಂದೆ ನಿಂತು ಬೊಗಳಿದರು. ಅಕ್ಕನ ವಾಹಿನಿ ಎಲ್ಲರಿಗಿಂತ ಜೋರಾಗಿ ಬೊಗಳಿತು, ತಾನೇ ಪ್ರಸಾರ ಮಾಡಿದ್ದ ತಪ್ಪನ್ನು ತೊಳೆದುಕೊಳ್ಳಬೇಕಿತ್ತಲ್ಲ.

ನೆರಳಿನ ಮನುಷ್ಯ ಅವಳ ತಮ್ಮನೆಂದು ಗೊತ್ತಾದಾಗ ಕೆಂಪುಪಟ್ಟಿಯ ಮುಖ ಅರಳಿತು. ಮೊದಲೇ ಹೇಳಬಾರದಿತ್ತೇ, ಎಂಥ ಕಥೆ ಕೈತಪ್ಪುತ್ತಿತ್ತು ಎಂದು ಪ್ರೀತಿಯಿಂದಲೇ ಗದರಿದ. ಅಷ್ಟರಲ್ಲಿ ಅವನ ತಂಡ ಮನೆಗೆ ಹೋಗಿ, ಏನು ಎತ್ತ ತಿಳಿಯದ ಅಮ್ಮನನ್ನು ಅಳಿಸಿ ಚಿತ್ರೀಕರಿಸಿಕೊಂಡು ಬಂದಿತ್ತು. ಅದನ್ನು ಅಕ್ಕನ ಮುಂದಿಟ್ಟು, ಕೆಳಗೊಂದು ಪಿಟೀಲು ಹಾಸು ಎಂದ.

“ಅದು ನಮ್ಮಮ್ಮ, ಸರ್.”

“ಅದಕ್ಕೇ ನಿನಗೆ ಕೊಟ್ಟಿದ್ದು. ಬೇರೆಯವರು ಹಾಳು ಮಾಡ್ತಾರೆ.”

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ತನ್ನ ಯಂತ್ರದಲ್ಲಿ ಉಳಿದಿದ್ದ, ಕೋಣೆಯ ಸದ್ದಿನ ಒಂದೇ ಒಂದು ಚಿಕ್ಕ ತುಣುಕನ್ನು ಫೋನಿಗೆ ಇಳಿಸಿಕೊಂಡು ಹೊರಗೆ ನಡೆದಳು. ಪಿಟೀಲನ್ನು ಬೇರೆ ಯಾರೋ ಹಾಸಿದರು. ಚೆನ್ನಾಗಿಯೇ ಬಂದಿತ್ತಂತೆ.

ತಮ್ಮ ಎಲ್ಲಿದ್ದಾನೆಂದು ಯಾರೂ ಹೇಳಲಿಲ್ಲ. ನಮ್ಮಲ್ಲಿಲ್ಲ ಎಂದು ಜೈಲಿನವರು ವಕೀಲರಿಗೆ ಹೇಳಿದರು, ನಮ್ಮ ಕೈದಾಟಿದೆ ಎಂದು ಕಚೇರಿಯವರು. ವಕೀಲರು ಬರುಬರುತ್ತ ಫೋನಿನಲ್ಲಿ ಮಾತಾಡುವುದನ್ನೇ ಬಿಟ್ಟರು. ಅಮ್ಮ ಬೇರೇನೂ ಕೇಳಲಿಲ್ಲ, ಒಂದು ಸಲ ಅವನ ದನಿ ಕೇಳಿಸು ಎಂದಳು. ಅಕ್ಕ ಮನೆಯ ಫೋನುಗಳನ್ನೆಲ್ಲ ಜಾಲಾಡಿದಳು. ಅವನ ಒಂದು ಮಾತೂ ಇಲ್ಲ. ಕೇಳುವವರ ಕೋಣೆ ಕಂಡಿದ್ದ ತಮ್ಮ ಯಾವ ಫೋನಿನಲ್ಲಿಯೂ ತನ್ನ ದನಿ ಬಿಟ್ಟವನಲ್ಲ. ಪ್ರಸಾರವಾದ ಮಾತನ್ನೇ ತಂದು, ಆಳಕ್ಕಿಳಿಸಿದ್ದನ್ನು ಮೇಲಕ್ಕೆತ್ತಿ, ಬಿಗಿದದ್ದನ್ನು ಸಡಿಲಿಸಿ ಕೇಳಿಸಿದಳು.

ಅಮ್ಮ ಕೈಯಾಡಿಸಿದಳು. “ಇದು ಅವನಲ್ಲ ಬಿಡು.”

ಅಷ್ಟು ಚೆನ್ನಾಗಿ ಅಳಿಸಿದ್ದಳು ಅಕ್ಕ.

ಉಳಿದದ್ದು ಆ ತುಣುಕು. ಇದರಲ್ಲಿ ಮಾತಿಲ್ಲಮ್ಮ ಎನ್ನುತ್ತಲೇ ಹೆಡ್‌ಫೋನನ್ನು ಅಮ್ಮನ ಕಿವಿಗೆ ಹಾಕಿದಳು. ತಪ್ಪಾಯಿತು, ನನ್ನಿಂದಲೇ ಆಯಿತು ಎಂದು ಹೇಳಬೇಕೆಂದಿದ್ದಳು. ಬಾಯಿ ತೆರೆದಳು ಕೂಡ. ಅಮ್ಮ ತುಟಿಯ ಮೇಲೆ ಬೆರಳಿಟ್ಟಳು.

ಬೇಸಗೆಯ ಮಧ್ಯಾಹ್ನ. ಗಾಳಿಯೇ ಇಲ್ಲದ ಕೋಣೆ. ಅಮ್ಮನ ತಲೆ ಕಿವಿಯೊಳಗಿನ ಫ್ಯಾನಿನ ಸುತ್ತಿಗೆ ಸರಿಯಾಗಿ ತುಸು ತುಸು ತೂಗುತ್ತಿತ್ತು. ಒಮ್ಮೆ ನಿಂತಿತು. ಅವನು ಗಂಟಲು ಸರಿಮಾಡಿಕೊಂಡ ಜಾಗವದು ಎಂದು ಅಕ್ಕನಿಗೆ ಕೇಳಿಸದೆಯೂ ಗೊತ್ತಾಯಿತು.

“ಇಲ್ಲೇ ಕೂತಿದ್ದಾನೆ,” ಎಂದಳು ಅಮ್ಮ ಪಿಸುದನಿಯಲ್ಲಿ. “ಸುಸ್ತಾಗಿದೆ ಅವನಿಗೆ. ಮಾತಾಡಿಸಬೇಡ.”

ತುಣುಕು ಮುಗಿಯಿತು. ಅಮ್ಮ ಕೊಂಡಿಯ ಕಡೆ ಮುಖವೆತ್ತಿ ಕಾದಳು. ಅಕ್ಕ ಮತ್ತೆ ಹಾಕಿದಳು.