ಮೆಡಲಣ್ಣ ಹೇಳದೆ ಉಳಿಸಿದ ಮಾತು

ಮೆಡಲಣ್ಣ ಅಂದರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಯುದ್ಧಕ್ಕೆ ಹೋಗುವ ಮುಂಚೆ ಅವನೂ ಅವನಣ್ಣನೂ ಬಾವಿ ತೋಡುವವರು. ಆಗ ಅವರನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಈಗ ನೋಡಿ, ಶಾಲೆಯ ಗೋಡೆಯ ಮೇಲೆ ಅವನ ಫೋಟೊ. ಶತ್ರುಗಳು ನುಗ್ಗುತ್ತಿದ್ದ ಸುರಂಗವನ್ನು ಸಿಡಿಸಿ ನಲವತ್ತು ಜನರ ಜೀವ ಉಳಿಸಿದ ವೀರ ಎಂದು ಅದರ ಕೆಳಗೆ ಬರೆದಿದೆ. ಅದೇ ದಿನ ಕಾಣೆಯಾದ ಅಣ್ಣನ ಹೆಸರಿನ ಮುಂದೆ ಸೇನೆಯವರು ಬರೆದದ್ದು ಒಂದೇ ಮಾತು: ಪರಾರಿ.

ಆ ಮಧ್ಯಾಹ್ನ ಮೆಡಲಣ್ಣ ಅಂಗಳದಲ್ಲಿ ಕೂತು ಗುದ್ದಲಿಗೆ ಹೊಸ ಕಾವು ಕೂರಿಸುತ್ತಿದ್ದ. ಅತ್ತಿಗೆ ಬಂದು ಒಂದು ಕಾಗದ ಚಾಚಿದಳು. ಮಗಳು ಸೇನೆಯ ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಹಾಕಿದ್ದ ಅರ್ಜಿ, ಹೋದ ಹಾಗೆಯೇ ವಾಪಸ್ ಬಂದಿತ್ತು.

“ಪರಾರಿಯಾದವನ ಮಗಳಿಗೆ ಸೀಟಿಲ್ವಂತೆ. ನೀನೊಂದು ಮಾತು ಹೇಳಪ್ಪ. ನಿನ್ನ ಮಾತನ್ನ ಅವ್ರು ತೆಗೆದುಹಾಕಲ್ಲ.”

“ಅಣ್ಣ ಗುಂಡು ತಗುಲಿ ಸತ್ತ ಅಂತ ಬರೆದುಕೊಡ್ತೀನಿ ಅತ್ತಿಗೆ.”

“ನೀನು ನೋಡಿದ್ಯಾ?”

ಹೂಂ ಅನ್ನಲು ಎಷ್ಟು ಹೊತ್ತು ಬೇಕು? ಎಂಟು ವರ್ಷದಿಂದ ಊರೂರಿಗೆ ಹೋಗಿ ಭಾಷಣ ಬಿಗಿದ ನಾಲಿಗೆ ಅದು. ಹಾಳಾದ್ದು, ಆ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು.

“ಸಮಾಧಾನಕ್ಕೆ ಸುಳ್ಳು ಹೇಳ್ಬೇಡ,” ಎಂದಳು ಅತ್ತಿಗೆ. “ಓಡಿಹೋಗಿದ್ರೆ ಓಡಿಹೋದ್ರು ಅನ್ನು. ಇವತ್ತಿಗೂ ಬಾಗಿಲು ಸದ್ದಾದ್ರೆ ನನ್ನ ಎದೆ ಧಸಕ್ಕನ್ನುತ್ತೆ.”

ಅವನು ಗುದ್ದಲಿ ಕೆಳಗಿಟ್ಟ.

“ಓಡಿಹೋಗಿಲ್ಲ. ನಾವು ತೋಡ್ತಿದ್ದ ಸುರಂಗದಲ್ಲೇ ಇದ್ದಾನೆ. ಆ ಕಡೆಯಿಂದ ಶತ್ರುಗಳು ಅಗೆದುಕೊಂಡು ಬಂದುಬಿಟ್ಟಿದ್ರು. ಅಣ್ಣ ಮುಂದೆ ಹೋಗಿದ್ದ, ಸೊಂಟಕ್ಕೆ ಹಗ್ಗ. ಇನ್ನೊಂದು ತುದಿ ನನ್ನ ಕೈಲಿ. ಸಿಡಿಸು ಅಂತ ಆರ್ಡರ್ ಬಂತು. ಅಣ್ಣ ಮೂರು ಸಲ ಜಗ್ಗಿದ. ಬಾವಿ ಕೆಲಸದಲ್ಲಿ ಮೂರು ಸಲ ಅಂದ್ರೆ ಮೇಲೆ ಎಳ್ಕೋ ಅಂತ. ಎಳೀತಾ ಕೂತಿದ್ರೆ ಎಲ್ರೂ ಸಾಯ್ತಿದ್ವಿ. ಬತ್ತಿ ಹಚ್ಚಿದೆ. ಒಳಗೆ ನಮ್ಮೋರು ಯಾರಾದ್ರೂ ಇದ್ರಾ ಅಂತ ಸಾಹೇಬ್ರು ಕೇಳಿದ್ರು. ಇಲ್ಲ ಅಂದೆ.”

“ಯಾಕೆ?”

“ಭಯ ಆಯ್ತು. ಆಮೇಲೆ ಮೆಡಲ್ ಕೊಟ್ಟುಬಿಟ್ರು.”

ಅತ್ತಿಗೆ ಹೊಸ್ತಿಲ ಮೇಲೆ ಕುಸಿದು ಕೂತಳು. ಉಗಿಯುತ್ತಾಳೆ, ಬಾರಿಸುತ್ತಾಳೆ ಎಂದು ಅವನು ತಲೆ ತಗ್ಗಿಸಿ ಕಾದ. ಅದಾದರೂ ಆಗಿಹೋಗಲಿ ಅನ್ನಿಸಿತ್ತು ಅವನಿಗೆ.

“ಬತ್ತಿ ಹಚ್ಚಿದ್ದಕ್ಕೆ ನಾನೇನೂ ಅನ್ನಲ್ಲ,” ಎಂದಳು ಅವಳು. “ನಿನ್ನ ಜಾಗದಲ್ಲಿ ನಿಮ್ಮಣ್ಣ ಇದ್ದಿದ್ರೂ ಅದನ್ನೇ ಮಾಡ್ತಿದ್ರೇನೋ.”

ಅವನು ಉಸಿರು ಬಿಟ್ಟ.

“ಆದ್ರೆ ಎಂಟು ವರ್ಷ ನಾನು ಅವ್ರನ್ನ ಬೈದೆನಲ್ಲೋ! ಹೇಡಿ, ಕೈಲಾಗದವನು, ನಮ್ಮನ್ನ ನಡುನೀರಿನಲ್ಲಿ ಬಿಟ್ಟು ಓಡಿದ ಅಂತ. ಮಗಳ ಬಾಯಲ್ಲೂ ಬೈಸಿದೆ. ನೀನು ಪಕ್ಕದಲ್ಲೇ ಕೂತು ಉಣ್ತಾ ಎಲ್ಲ ಕೇಳಿಸ್ಕೊಂಡ್ಯಲ್ಲೋ!”

ಅವನು ತಡಬಡಿಸಿ ಎದ್ದು, “ನಡೀರಿ ಅತ್ತಿಗೆ, ಈಗಲೇ ಆಫೀಸಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಬರೆದುಕೊಡ್ತೀನಿ,” ಎಂದು ಚಪ್ಪಲಿ ಹುಡುಕತೊಡಗಿದ.

“ಆಫೀಸು ಎಲ್ಲಿಗೂ ಹೋಗಲ್ಲ. ಮೊದ್ಲು ಅವಳ ಮುಂದೆ ಹೇಳು,” ಎಂದು ಅತ್ತಿಗೆ ಒಳಗೆ ತಿರುಗಿ ಮಗಳನ್ನು ಕೂಗಿದಳು.

ಹುಡುಗಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ಅವನ ಮುಖ ನೋಡಿ ಗಾಬರಿಯಾಗಿ ಕೇಳಿದಳು:

“ಏನಾಯ್ತು ಚಿಕ್ಕಪ್ಪ?”