ಬೋಲ್ಟ್ ಕೀಳುವವನು

"ತಲೆ ಕಡೆ ಸ್ವಲ್ಪ ಎತ್ತಿ... ಹಾಂ, ಈಗ ಎಡಕ್ಕೆ!" ಎಂದು ಕೂಗಿದ ಕ್ಷೌರಿಕ. ಮೂರನೇ ಮಹಡಿಯ ಇಕ್ಕಟ್ಟಾದ ಮೆಟ್ಟಿಲ ತಿರುವಿನಲ್ಲಿ ಅಪ್ಪನ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಹೊತ್ತ ಆರು ಜನರೂ ಬಂಡೆ ಹತ್ತುವವರೇ. ಪೆಟ್ಟಿಗೆಗೆ ಹಗ್ಗ ಬಿಗಿದು, ಕಂಬಿಗೊಂದು ಸುತ್ತು ಹಾಕಿ, ಇಂಚಿಂಚಾಗಿ ಇಳಿಬಿಟ್ಟರು.

"ಇಷ್ಟು ವರ್ಷ ಹಗ್ಗ ಹಿಡಿದು ನಮ್ಮನ್ನೆಲ್ಲ ಬಂಡೆಯಿಂದ ಇಳಿಸ್ತಿದ್ದೋನು. ಕೊನೆಗೆ ಇವನನ್ನೇ ಇಳಿಸೋ ಹಾಗಾಯ್ತಲ್ಲ," ಎಂದ ಕ್ಷೌರಿಕ.

ಅಳುತ್ತಿದ್ದ ಅಮ್ಮನಿಗೂ ನಗು ಬಂತು. ಮಗಳು ನಗಲಿಲ್ಲ. ಐದು ವರ್ಷಗಳ ನಂತರ ಬೆಳಗಿನ ಬಸ್ಸಿಗೆ ಬಂದಿಳಿದಿದ್ದ ಅವಳಿಗೆ ಆ ಮನೆಯಲ್ಲಿ ಎಲ್ಲಿ ನಿಲ್ಲಬೇಕೆಂದೇ ತಿಳಿಯುತ್ತಿರಲಿಲ್ಲ.

ಅಪ್ಪ ಬಸ್ ಡಿಪೊದಲ್ಲಿ ಮೆಕ್ಯಾನಿಕ್. ರಜೆ ಸಿಕ್ಕಿತೆಂದರೆ ಗೆಳೆಯನಾದ ಕ್ಷೌರಿಕನನ್ನು ಎಬ್ಬಿಸಿಕೊಂಡು ಊರಾಚೆಯ ಬಂಡೆಗೆ ಹೋಗುತ್ತಿದ್ದ. ಹತ್ತುವವರು ಹಗ್ಗ ಸಿಕ್ಕಿಸಲು ಬಂಡೆಗೆ ಹೊಡೆದಿದ್ದ ಬೋಲ್ಟುಗಳಲ್ಲಿ ತುಕ್ಕು ಹಿಡಿದವನ್ನು, ಅಲ್ಲಾಡುವವನ್ನು ಹುಡುಕಿ ಕೀಳುವುದು ಅವನ ಕೆಲಸ. ಯಾರೂ ಹೇಳಿದ್ದಲ್ಲ, ಕೇಳಿದ್ದಲ್ಲ. ಹೊಡೆದವರ ಹೆಸರು ಎಲ್ಲರ ಬಾಯಲ್ಲಿತ್ತು. ಕಿತ್ತವನಿಗೆ ಸಿಕ್ಕಿದ್ದು 'ಹಲ್ಲಿನ ಡಾಕ್ಟರು' ಎಂಬ ಅಡ್ಡಹೆಸರು.

*

ಇಪ್ಪತ್ತೊಂದರ ವಯಸ್ಸಿನಲ್ಲಿ ಅವಳು ಬಂಡೆಯ ಬಲಮಗ್ಗುಲಲ್ಲಿ ಹತ್ತುವ ಹೊಸ ದಾರಿಯೊಂದನ್ನು ಮಾಡಿದಳು. ಹನ್ನೊಂದು ಬೋಲ್ಟು, ಎರಡು ತಿಂಗಳ ಬೆವರು. ಊರೂರಿಂದ ಜನ ನೋಡಲು ಬಂದರು. ಮುಂದಿನ ವಾರ ಹೋದರೆ ಒಂದೇ ಒಂದು ಬೋಲ್ಟೂ ಇರಲಿಲ್ಲ. ಕೆಳಗೆ ಅಪ್ಪ ಹಗ್ಗ ಸುತ್ತುತ್ತ ಕೂತಿದ್ದ.

"ಒಂದು ಮಾತು ಕೇಳಬಾರದಿತ್ತಾ ಅಪ್ಪ?"

"ಕೇಳಿದ್ರೆ ಬಿಡ್ತಿದ್ಯಾ? ಅಲ್ಲಿ ಬಂಡೆ ಟೊಳ್ಳು ಕಣಮ್ಮ."

"ಊರಿಗೆಲ್ಲ ಗಟ್ಟಿ, ನಿನಗೊಬ್ಬನಿಗೆ ಟೊಳ್ಳು! ಹೊಟ್ಟೆಕಿಚ್ಚು ಅಂತ ಹೇಳು."

ಅಪ್ಪ ಹಗ್ಗ ಹೆಗಲಿಗೇರಿಸಿಕೊಂಡು ನಡೆದ. ಆ ತಿಂಗಳೇ ಅವಳು ಬೇರೆ ಊರಲ್ಲಿ ಕೆಲಸ ಹುಡುಕಿಕೊಂಡು ಹೋದಳು. ಆಮೇಲೆ ಯಾವಾಗಲಾದರೂ ಅವನೇ ಫೋನೆತ್ತಿದರೆ, "ಅಮ್ಮನಿಗೆ ಕೊಡಿ," ಎನ್ನುತ್ತಿದ್ದಳು. ಹುಟ್ಟಿದಾಗಿನಿಂದ ನೀನು ಎಂದು ಕರೆದವಳು ಆ ಒಂದು 'ಕೊಡಿ'ಯಲ್ಲೇ ಅವನನ್ನು ಹೊರಗಿನವನನ್ನಾಗಿ ಮಾಡಿದ್ದಳು.

*

ಮಣ್ಣು ಮಾಡಿ ಬರುವಾಗ ಕ್ಷೌರಿಕ ಅವಳ ಪಕ್ಕದಲ್ಲೇ ನಡೆದ.

"ನಿನ್ನ ದಾರಿ ಇತ್ತಲ್ಲ, ಬಲಮಗ್ಗುಲು... ಹೋದ ಚಳಿಗಾಲದಲ್ಲಿ ಅದು ಬಿತ್ತು. ಒಂದು ಮನೆಯಷ್ಟು ಬಂಡೆ. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ."

ಅವಳು ಅಲ್ಲೇ ನಿಂತಳು. "ನನಗ್ಯಾಕೆ ಯಾರೂ ಹೇಳಲಿಲ್ಲ ಮಾಮ?"

"ಹೇಳ್ತೀನಿ ಅಂದೆ. ನಿನ್ನಪ್ಪ ಬೇಡ ಅಂದ. 'ಬರೋದಾದ್ರೆ ಅಪ್ಪನ್ನ ನೋಡೋಕೆ ಬರ್ಲಿ, ಸೋತೆ ಅಂತ ಒಪ್ಕೊಳ್ಳೋಕೆ ಬರೋದು ಬೇಡ' ಅಂದ."

ಅವಳು ಪಕ್ಕದ ಗೋಡೆಗೆ ಕೈಯೂರಿದಳು. ಕ್ಷೌರಿಕ ಮೆಲ್ಲಗೆ ಹೇಳಿದ: "ಮೊನ್ನೆ ಎಡಗಡೆ ಒಂದು ದಾರಿಯ ತುಕ್ಕು ಬೋಲ್ಟು ಕೀಳ್ತಿದ್ದ. ಮೇಲಿಂದ ಅರ್ಧ ಕಿತ್ತು, ಯಾಕೋ ಸುಸ್ತು ಅಂತ ಇಳಿದ. ಮನೆಗೆ ಬಂದು ಕುರ್ಚಿಲಿ ಕೂತೋನು ಏಳಲೇ ಇಲ್ಲ. ಕೆಳಗಿನ ನಾಲ್ಕು ಬೋಲ್ಟು ಹಾಗೇ ಇವೆ. ನಾಳೆ ರಜೆ. ಹೊಸಬರು ಬರ್ತಾರೆ, ಮೇಲೂ ಇದೆ ಅಂದ್ಕೊಂಡು ಹತ್ತಿಬಿಡ್ತಾರೆ. ನನಗೋ ಈಗ ಮೇಲೆ ಹತ್ತೋಕಾಗಲ್ಲ."

"ನೀವು ಹಗ್ಗ ಹಿಡೀತೀರಾ?"

ಅವಳು ಹಿಂದೆ ಬರುತ್ತಿದ್ದ ಅಮ್ಮನ ಕಡೆ ನೋಡಿದಳು. ಅಮ್ಮ ಕಣ್ಣೊರೆಸಿಕೊಂಡಳು. "ಹೋಗಿ ಬಾ. ಮನೆಗೆ ಬರೋರಿಗೆ ನಾನಿದೀನಿ."

ಬಂಡೆಯ ನೆತ್ತಿಯ ಮರಕ್ಕೆ ಹಗ್ಗ ಹಾಕಿ, ಶವಸಂಸ್ಕಾರಕ್ಕೆ ಉಟ್ಟ ಬಟ್ಟೆಯ ಮೇಲೇ ಅವಳು ಹಗ್ಗ ಸಿಕ್ಕಿಸುವ ಸೊಂಟಪಟ್ಟಿ ಬಿಗಿದುಕೊಂಡಳು. ಅಪ್ಪನ ಸ್ಪ್ಯಾನರ್ ಅವಳ ಅಂಗೈಗೆ ದೊಡ್ಡದಾಯಿತು. ಮೊದಲ ಮೂರು ಸುಲಭವಾಗಿ ಬಂದವು. ನಾಲ್ಕನೆಯದು ಹಟ ಹಿಡಿಯಿತು. ಕಾಲೂರಿ, ಹಲ್ಲುಕಚ್ಚಿ ತಿರುಗಿಸಿದಾಗ ನರಳಿ ಹೊರಬಂತು.

ಇಳಿಯುವ ಮೊದಲು ಅವಳು ಬಲಕ್ಕೆ ತಿರುಗಿ ನೋಡಿದಳು. ಬಂಡೆ ಕಳಚಿದ ಕಡೆ ಇನ್ನೂ ಬಿಸಿಲು ಕಾಣದ ಚರ್ಮದ ಬಣ್ಣ. ಒಂದು ಕಾಲದಲ್ಲಿ ಅವಳು ಎರಡೂ ಕೈ ಬಿಟ್ಟು, ನಗುತ್ತ, ಕೆಳಗಿನ ಗೆಳೆಯರಿಂದ ಫೋಟೊ ತೆಗೆಸಿಕೊಂಡಿದ್ದ ಜಾಗದಲ್ಲಿ ಈಗ ಬರೀ ಗಾಳಿ. ಒಂದು ಪಾರಿವಾಳ ಆ ಜಾಗದ ನಡುವಿನಿಂದಲೇ, ರೆಕ್ಕೆಯನ್ನೂ ವಾಲಿಸದೆ, ನೇರವಾಗಿ ಹಾರಿಹೋಯಿತು.